ರಾಜಧಾನಿಯ ಮಗ್ಗುಲಿನ ದುಬಾರಿ ಊರು: ಗುರುಗ್ರಾಮದ ಬಾಳಿನ ಲಾಭ-ನಷ್ಟ ವಿಚಾರ

(ಅಂತಿಮ ಬಿ.ಎ. ತರಗತಿಯ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬರಿಂದ)

ಪೀಠಿಕೆ

"ದೂರದ ಬೆಟ್ಟ ನುಣ್ಣಗೆ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಪದವಿ ಮುಗಿಸಿ ಉದ್ಯೋಗವನ್ನರಸಿ ಹೊರಡುವ ತರುಣರಿಗೆ ದೊಡ್ಡ ನಗರಗಳು ಇಂಥ ಬೆಟ್ಟಗಳೇ ಸರಿ. ಅಲ್ಲಿಯ ಸಂಬಳದ ಅಂಕಿ ಮಾತ್ರ ನಮ್ಮ ಊರಿನವರೆಗೆ ಬಂದು ಮುಟ್ಟುತ್ತದೆ. ಅಲ್ಲಿಯ ಮನೆ ಬಾಡಿಗೆ, ದಾರಿಯ ಸವೆತ, ನೀರಿನ ಚಿಂತೆ ಇವು ಯಾವುವೂ ಅಷ್ಟು ದೂರ ಪ್ರಯಾಣ ಮಾಡುವುದಿಲ್ಲ. ಆದಕಾರಣ ಹೊರಡುವ ಮುನ್ನ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡುವುದು ಬುದ್ಧಿವಂತಿಕೆಯ ಲಕ್ಷಣವಾಗಿರುತ್ತದೆ.

ಈ ಲೇಖನದಲ್ಲಿ ರಾಜಧಾನಿಯ ಬಳಿಯಲ್ಲಿದ್ದು ರಾಜಧಾನಿಯಷ್ಟೇ, ಕೆಲವೆಡೆ ಅದಕ್ಕಿಂತಲೂ ದುಬಾರಿಯಾದ ಒಂದು ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅದು ದೆಹಲಿಯ ನೈಋತ್ಯಕ್ಕೆ, ನಗರದ ಮಧ್ಯದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಹರಿಯಾಣ ರಾಜ್ಯಕ್ಕೆ ಸೇರಿರುವ ಗುರುಗ್ರಾಮ. 2016ರವರೆಗೆ ಇದರ ಅಧಿಕೃತ ಹೆಸರು ಗುಡಗಾಂವ್ ಎಂದಿತ್ತು. ಕೌರವ ಪಾಂಡವರ ಗುರುವಾದ ದ್ರೋಣಾಚಾರ್ಯರಿಗೆ ದಾನವಾಗಿ ಬಂದ ಗ್ರಾಮವಿದು ಎಂಬ ಐತಿಹ್ಯವನ್ನನುಸರಿಸಿ ಆ ವರ್ಷ ಹೆಸರನ್ನು ಬದಲಾಯಿಸಲಾಯಿತು.

ಊರಿನ ಕಥೆಯನ್ನು ಹೇಳಿ ಮುಗಿಸುವುದಷ್ಟೇ ಇಲ್ಲಿಯ ಉದ್ದೇಶವಲ್ಲ. ಒಂದು ಊರು ಏಕೆ ದುಬಾರಿಯಾಗುತ್ತದೆ, ಅಲ್ಲಿ ಬಾಳುವವನು ಕೊಟ್ಟ ಹಣಕ್ಕೆ ಪಡೆಯುವುದೇನು, ಹಣ ಕೊಟ್ಟರೂ ಪಡೆಯಲಾಗದ್ದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸೋಣ.

ದೂರಕ್ಕೂ ಬಾಡಿಗೆಗೂ ಇರುವ ಸಂಬಂಧ

ಮನೆಯಿಂದ ಕೆಲಸಕ್ಕೆ ನಿತ್ಯವೂ ಹೋಗಿ ಬರುವವರನ್ನು ಇಂಗ್ಲಿಷಿನಲ್ಲಿ ಕಮ್ಯೂಟರ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ರೈಲ್ವೆ ಕಂಪನಿಗಳು ನಿತ್ಯ ಪ್ರಯಾಣಿಕರಿಗೆ ರಿಯಾಯಿತಿ ದರದ ಅವಧಿ ಟಿಕೆಟುಗಳನ್ನು ಕೊಡತೊಡಗಿದವು. ಅವುಗಳಿಗೆ ಕಮ್ಯುಟೇಷನ್ ಟಿಕೆಟ್ ಎಂಬ ಹೆಸರಿತ್ತು. ಟಿಕೆಟಿನ ಹೆಸರೇ ಅದನ್ನು ಹಿಡಿದವರಿಗೂ ಅಂಟಿತು. ನಮ್ಮಲ್ಲಿ ಜನರು ಇದಕ್ಕೆ "ಅಪ್ ಅಂಡ್ ಡೌನ್ ಮಾಡುವುದು" ಎನ್ನುತ್ತಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವ ಸಾವಿರಾರು ಮಂದಿಗೂ, ತುಮಕೂರು, ರಾಮನಗರ, ಮಂಡ್ಯಗಳಿಂದ ಪಾಸು ಹಿಡಿದು ಓಡಾಡುವವರಿಗೂ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರಕ್ಕೂ ನೆಲದ ಬೆಲೆಗೂ ಇರುವ ನಂಟನ್ನು ಮೊದಲು ಕ್ರಮಬದ್ಧವಾಗಿ ವಿವರಿಸಿದವನು ಜರ್ಮನಿಯ ಜಮೀನುದಾರನಾದ ಫಾನ್ ಥ್ಯೂನೆನ್. 1826ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಮಧ್ಯದಲ್ಲಿ ಒಂದೇ ಒಂದು ಪಟ್ಟಣವಿರುವ ಬಯಲು ನಾಡನ್ನು ಕಲ್ಪಿಸಿಕೊಂಡನು. ಪಟ್ಟಣಕ್ಕೆ ಹತ್ತಿರವಿರುವ ಹೊಲದವನಿಗೆ ಸಾಗಣೆಯ ವೆಚ್ಚ ಕಡಿಮೆ. ಹಾಗೆ ಉಳಿದ ವೆಚ್ಚವೆಲ್ಲ ಕಡೆಗೆ ಆ ಹೊಲದ ಗೇಣಿಯಾಗಿ ಮಾರ್ಪಡುತ್ತದೆ. ದೂರ ಹೋದಂತೆ ಗೇಣಿ ಇಳಿಯುತ್ತದೆ. 1964ರಲ್ಲಿ ವಿಲಿಯಂ ಅಲೊನ್ಸೊ ಎಂಬ ವಿದ್ವಾಂಸನು ಇದೇ ತತ್ತ್ವವನ್ನು ನಗರದ ಮನೆಗಳಿಗೆ ಅನ್ವಯಿಸಿದನು. ಹೊಲದ ಜಾಗದಲ್ಲಿ ಮನೆಯನ್ನೂ ದವಸದ ಗಾಡಿಯ ಜಾಗದಲ್ಲಿ ಮನುಷ್ಯನನ್ನೂ ಇಟ್ಟರೆ ಲೆಕ್ಕ ಹಾಗೆಯೇ ನಿಲ್ಲುತ್ತದೆ. ಕೆಲಸದ ಸ್ಥಳಕ್ಕೆ ಹತ್ತಿರವಿದ್ದರೆ ಬಾಡಿಗೆ ಹೆಚ್ಚು, ಪ್ರಯಾಣ ಕಡಿಮೆ. ದೂರವಿದ್ದರೆ ಬಾಡಿಗೆ ಕಡಿಮೆ, ಪ್ರಯಾಣ ಹೆಚ್ಚು. ಎರಡರಲ್ಲಿ ಒಂದನ್ನು ಕೊಡದೆ ಯಾರಿಗೂ ಬಿಡುಗಡೆಯಿಲ್ಲ.

ಈ ತತ್ತ್ವದ ಪ್ರಕಾರ ರಾಜಧಾನಿಯಿಂದ ದೂರವಿರುವ ಗುರುಗ್ರಾಮ ಅಗ್ಗವಾಗಿರಬೇಕಾಗಿತ್ತು. ಅದು ಹಾಗಿಲ್ಲವೇಕೆ? ಉತ್ತರ ಆ ಊರಿನ ಚರಿತ್ರೆಯಲ್ಲಿದೆ.

ಬಡ ಜಿಲ್ಲೆಯಿಂದ ಧನಿಕ ನಗರಕ್ಕೆ

ಗ್ರಾಮಾರ್ಥಶಾಸ್ತ್ರವನ್ನು ಓದಿದವರಿಗೆ ಗುಡಗಾಂವ್ ಎಂಬ ಹೆಸರು ಹಳೆಯ ಪರಿಚಯ. 1920ರ ದಶಕದಲ್ಲಿ ಎಫ್. ಎಲ್. ಬ್ರೇನ್ ಎಂಬ ಆಂಗ್ಲ ಅಧಿಕಾರಿಯು ಅಲ್ಲಿ ಡೆಪ್ಯುಟಿ ಕಮಿಷನರ್ ಆಗಿದ್ದನು. ಗೊಬ್ಬರದ ಗುಂಡಿ ತೋಡಿಸುವುದು, ಮನೆಗಳಿಗೆ ಕಿಟಕಿ ಇಡಿಸುವುದು, ಸುಧಾರಿಸಿದ ನೇಗಿಲು ಮತ್ತು ಬೀಜಗಳನ್ನು ಹಂಚುವುದು, ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ ಕಲಿಸುವುದು ಮುಂತಾದ ಕಾರ್ಯಕ್ರಮಗಳನ್ನು ಅವನು ಕೈಗೊಂಡನು. ಇದು "ಗುಡಗಾಂವ್ ಪ್ರಯೋಗ"ವೆಂದು ಪ್ರಸಿದ್ಧವಾಯಿತು. ಒಬ್ಬ ಅಧಿಕಾರಿಯ ಉತ್ಸಾಹವನ್ನೇ ನೆಚ್ಚಿಕೊಂಡ ಈ ಕೆಲಸ ಅವನು ವರ್ಗವಾಗಿ ಹೋದ ಮೇಲೆ ಬಹುಮಟ್ಟಿಗೆ ಇಳಿದುಹೋಯಿತೆಂದು ವಿಮರ್ಶಕರು ಹೇಳುತ್ತಾರೆ. ಏನೇ ಇರಲಿ, ಇಂದು ಗಾಜಿನ ಗೋಪುರಗಳು ನಿಂತಿರುವ ಜಿಲ್ಲೆಯೇ ಅಂದು ಬಡ ಹಳ್ಳಿಗಳ ಉದ್ಧಾರಕ್ಕೆ ಮಾದರಿಯಾಗಿ ಆರಿಸಲ್ಪಟ್ಟಿತ್ತೆಂಬುದನ್ನು ಮರೆಯಬಾರದು. ಮಳೆ ಕಡಿಮೆ, ನೆಲ ಮರಳು, ಅನೇಕ ಬಾವಿಗಳಲ್ಲಿ ಉಪ್ಪು ನೀರು, ಇದು ಅಂದಿನ ಚಿತ್ರ.

1966ರಲ್ಲಿ ಪಂಜಾಬಿನಿಂದ ಹರಿಯಾಣ ಬೇರೆಯಾದಾಗಲೂ ಗುಡಗಾಂವ್ ಒಂದು ಸಾಧಾರಣ ಜಿಲ್ಲಾ ಪಟ್ಟಣವಾಗಿಯೇ ಇತ್ತು. ಅದರ ಭಾಗ್ಯ ಬದಲಾದದ್ದು ಅಲ್ಲಿಯ ಶ್ರಮದಿಂದ ಎನ್ನುವುದಕ್ಕಿಂತ ದೆಹಲಿಯಲ್ಲಿ ನಡೆದ ಒಂದು ತೀರ್ಮಾನದಿಂದ ಎಂದರೆ ಹೆಚ್ಚು ಸರಿಯಾದೀತು. ದೇಶ ವಿಭಜನೆಯ ಬಳಿಕ ದೆಹಲಿಗೆ ಬಂದ ನಿರಾಶ್ರಿತರಿಗಾಗಿ ಖಾಸಗಿ ಸಂಸ್ಥೆಗಳು ಬಡಾವಣೆಗಳನ್ನು ನಿರ್ಮಿಸುತ್ತಿದ್ದವು. 1946ರಲ್ಲಿ ಸ್ಥಾಪಿತವಾದ ಡಿ.ಎಲ್.ಎಫ್. ಅಂಥವುಗಳಲ್ಲೊಂದು. 1957ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. 1962ರ ಮಾಸ್ಟರ್ ಪ್ಲಾನಿನ ಕಾಲಕ್ಕೆ ದೆಹಲಿಯ ನೆಲವನ್ನು ದೊಡ್ಡ ಪ್ರಮಾಣದಲ್ಲಿ ಸ್ವಾಧೀನ ಮಾಡಿಕೊಂಡು ತಾನೇ ಬಡಾವಣೆ ಮಾಡುವ ನೀತಿಯನ್ನು ಸರಕಾರ ಹಿಡಿಯಿತು. ಖಾಸಗಿಯವರಿಗೆ ದೆಹಲಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಯಿತು. ಸರಕಾರದಿಂದ ಮನೆಗಳು ಬೇಡಿಕೆಯಷ್ಟು ಬರಲಿಲ್ಲ. ಒಡ್ಡು ಕಟ್ಟಿದ ನೀರು ಪಕ್ಕಕ್ಕೆ ಹರಿಯುವಂತೆ ಬೇಡಿಕೆಯು ರಾಜ್ಯದ ಗಡಿ ದಾಟಿತು.

ಹರಿಯಾಣ ಸರಕಾರ 1975ರಲ್ಲಿ ಒಂದು ಕಾಯಿದೆ ಮಾಡಿ, ಲೈಸೆನ್ಸ್ ಪಡೆದ ಖಾಸಗಿಯವರು ನಗರ ಬಡಾವಣೆಗಳನ್ನು ನಿರ್ಮಿಸಲು ದಾರಿ ಮಾಡಿಕೊಟ್ಟಿತು. ಡಿ.ಎಲ್.ಎಫ್.ನ ಕೆ. ಪಿ. ಸಿಂಗ್ ಅವರು ರೈತರಿಂದ ತುಂಡುತುಂಡಾಗಿ ನೆಲವನ್ನು ಕೊಂಡು ಕೂಡಿಸಿದರು. ಪಕ್ಕದಲ್ಲೇ ಮಾರುತಿ ಕಾರಖಾನೆ ಬಂದು 1983ರ ಡಿಸೆಂಬರಿನಲ್ಲಿ ತನ್ನ ಮೊದಲ ಕಾರನ್ನು ಹೊರತಂದಿತು. 1991ರ ಆರ್ಥಿಕ ಸುಧಾರಣೆಗಳ ನಂತರ ವಿದೇಶಿ ಕಂಪನಿಗಳಿಗೆ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ದೊಡ್ಡ ಕಚೇರಿಗಳು ಬೇಕಾದವು. 1997ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಕಾಲ್ ಸೆಂಟರ್ ಬಂದ ಮೇಲಂತೂ ಊರಿನ ಓಟ ಕುದುರೆಯ ಓಟವಾಯಿತು. ಜಿಲ್ಲೆಯ ಇಂದಿನ ಎಲ್ಲೆಯೊಳಗೆ 2001ರಲ್ಲಿ ಸುಮಾರು 8.7 ಲಕ್ಷವಿದ್ದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 15 ಲಕ್ಷಕ್ಕೆ ಏರಿತ್ತು.

ಹೀಗೆ ದೆಹಲಿಯ ಮಲಗುವ ಕೋಣೆಯಾಗಿ ಆರಂಭವಾದ ಊರು ತಾನೇ ಒಂದು ಕೆಲಸದ ಕೇಂದ್ರವಾಯಿತು. ಬೆಳಿಗ್ಗೆ ಗುರುಗ್ರಾಮದಿಂದ ದೆಹಲಿಗೆ ಒಂದು ಪ್ರವಾಹ ಹೊರಟರೆ, ದೆಹಲಿಯಿಂದ ಗುರುಗ್ರಾಮಕ್ಕೆ ಇನ್ನೊಂದು ಪ್ರವಾಹ ಬರುತ್ತದೆ. ಫಾನ್ ಥ್ಯೂನೆನ್ ಕಲ್ಪಿಸಿದ ಬಯಲಿನಲ್ಲಿ ಇದ್ದದ್ದು ಒಂದೇ ಪಟ್ಟಣ. ಇಲ್ಲಿ ಎರಡು ಆದವು. ಎರಡು ಕೇಂದ್ರಗಳ ಸೆಳೆತವೂ ಒಂದೇ ನೆಲದ ಮೇಲೆ ಬಿದ್ದುದರಿಂದ ಬೆಲೆ ಏರಿತು. ತತ್ತ್ವ ಸುಳ್ಳಾಗಲಿಲ್ಲ, ಕೇಂದ್ರ ಮಾತ್ರ ಸ್ಥಳ ಬದಲಾಯಿಸಿತು.

ಲಾಭದ ತಟ್ಟೆ

ಮೊದಲನೆಯದಾಗಿ ಉದ್ಯೋಗದ ಸಮೃದ್ಧಿ. ಜಗತ್ತಿನ ಹೆಸರಾಂತ ಕಂಪನಿಗಳ ನೂರಾರು ಕಚೇರಿಗಳು ಅಲ್ಲಿವೆ. ಇದರ ಲಾಭವನ್ನು ಸಂಬಳದ ಮೊತ್ತದಿಂದಷ್ಟೇ ಅಳೆಯಲಾಗದು. ಒಂದೇ ಕಾರಖಾನೆಯುಳ್ಳ ಊರಿನಲ್ಲಿ ಕೆಲಸ ಹೋದರೆ ಊರನ್ನೇ ಬಿಡಬೇಕು. ನೂರು ಕಚೇರಿಗಳಿರುವ ಊರಿನಲ್ಲಿ ಕೆಲಸ ಹೋದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಸಿಗುವ ಸಂಭವವಿದೆ. ಗಂಡ ಹೆಂಡತಿ ಇಬ್ಬರೂ ಓದಿದವರಾಗಿದ್ದು ಇಬ್ಬರಿಗೂ ಕೆಲಸ ಬೇಕಾದಾಗ ಈ ಅನುಕೂಲದ ಬೆಲೆ ಇಮ್ಮಡಿಯಾಗುತ್ತದೆ.

ಎರಡನೆಯದಾಗಿ ಕಲಿಕೆ. ತನಗಿಂತ ಹೆಚ್ಚು ಬಲ್ಲವರ ನಡುವೆ ನಾಲ್ಕು ವರ್ಷ ಕೆಲಸ ಮಾಡಿದ ತರುಣನು ಪುಸ್ತಕದಲ್ಲಿ ದೊರೆಯದ ಅನೇಕ ವಿಷಯಗಳನ್ನು ಅರಿಯುತ್ತಾನೆ. ಬೇರೆ ಬೇರೆ ಪ್ರಾಂತಗಳ ಜನರೊಡನೆ ಬೆರೆಯುವುದರಿಂದ ಮಾತಿನ ಅಂಜಿಕೆ ಹೋಗುತ್ತದೆ. ಸಣ್ಣ ಪಟ್ಟಣಗಳ ಕಾಲೇಜುಗಳಿಂದ ಹೋಗುವ ನಮ್ಮಂಥವರಿಗೆ ಇದು ಕಡಿಮೆ ಗಳಿಕೆಯೇನೂ ಅಲ್ಲ.

ಮೂರನೆಯದಾಗಿ ರಾಜಧಾನಿಯ ಸಾಮೀಪ್ಯ. 2008ರ ಜನವರಿಯಲ್ಲಿ ದೆಹಲಿ-ಗುಡಗಾಂವ್ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆಯಿತು. 2010ರ ಜೂನ್ ತಿಂಗಳಲ್ಲಿ ದೆಹಲಿ ಮೆಟ್ರೋದ ಹಳದಿ ಮಾರ್ಗ ಊರಿನೊಳಕ್ಕೆ ಬಂತು. 2013ರ ನವೆಂಬರಿನಲ್ಲಿ ಕಚೇರಿಗಳ ಪ್ರದೇಶವನ್ನು ಸುತ್ತುವ ರ‍್ಯಾಪಿಡ್ ಮೆಟ್ರೋ ಆರಂಭವಾಯಿತು. ಆಸ್ಪತ್ರೆ, ವಿಶ್ವವಿದ್ಯಾಲಯ, ಗ್ರಂಥಾಲಯ, ನಾಟಕಶಾಲೆ ಇವೆಲ್ಲ ರಾಜಧಾನಿಯಲ್ಲಿ ಹೇರಳ. ಕನ್ನಡಿಗನಾದವನಿಗೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘವೂ ಒಂದು ಮೆಟ್ರೋ ಪ್ರಯಾಣದಷ್ಟು ದೂರದಲ್ಲೇ ಇದೆ. ಹಬ್ಬದ ದಿನ ತನ್ನ ಮಾತನ್ನು ಕಿವಿತುಂಬ ಕೇಳುವ ಸುಖವನ್ನು ಮನೆ ಬಿಟ್ಟವನೇ ಬಲ್ಲ.

ನಷ್ಟದ ತಟ್ಟೆ

ಮನೆಯ ಬೆಲೆ ಎಲ್ಲರೂ ಬಲ್ಲ ನಷ್ಟ. ಶ್ರೀಮಂತರ ಬೀದಿಯಾದ ಗಾಲ್ಫ್ ಕೋರ್ಸ್ ರಸ್ತೆಯಲ್ಲಿ 2024ರಲ್ಲಿ ಒಂದು ಫ್ಲಾಟು 100 ಕೋಟಿ ರೂಪಾಯಿಗೂ ಮೀರಿದ ಬೆಲೆಗೆ ಮಾರಾಟವಾದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆ ಲೋಕ ನಮ್ಮದಲ್ಲ. ಆದರೆ ತುದಿಯ ಬೆಲೆ ಏರಿದಾಗ ಅದರ ನೆರಳು ಕೆಳಗಿನ ಸಾಮಾನ್ಯ ಮನೆಗಳ ಮೇಲೂ ಬೀಳುತ್ತದೆ.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದ ನಷ್ಟ ಬೇರೆಯಿದೆ. ಅದು ಸಾರ್ವಜನಿಕ ಸೌಕರ್ಯದ್ದು. ಹೊಸ ಗುರುಗ್ರಾಮದಲ್ಲಿ ಮನೆಗಳು ಮೊದಲು ಬಂದವು, ನಗರಾಡಳಿತ ನಂತರ ಬಂತು. ಹಳೆಯ ಪಟ್ಟಣಕ್ಕೆ ಪುರಸಭೆಯಿತ್ತು, ಸೆಕ್ಟರುಗಳನ್ನು ಹರಿಯಾಣ ನಗರಾಭಿವೃದ್ಧಿ ಪ್ರಾಧಿಕಾರ ನೋಡುತ್ತಿತ್ತು, ಖಾಸಗಿ ಬಡಾವಣೆಗಳು ಕಟ್ಟಿದವರ ಕೈಯಲ್ಲಿದ್ದವು, ನಡುವೆ ಸಿಕ್ಕಿಕೊಂಡ ಹಳ್ಳಿಗಳಿಗೆ ಪಂಚಾಯತಿಗಳಿದ್ದವು. ಮಹಾನಗರ ಪಾಲಿಕೆ ಸ್ಥಾಪನೆಯಾದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಊರಿನ ಮೈಕಟ್ಟು ಬಹುಮಟ್ಟಿಗೆ ನಿಶ್ಚಯವಾಗಿಹೋಗಿತ್ತು. ನಾಲ್ಕು ಜನ ಹೊತ್ತ ಪಲ್ಲಕ್ಕಿಯಲ್ಲಿ ಪ್ರತಿಯೊಬ್ಬನೂ ತನ್ನ ಹೆಗಲನ್ನೇ ನೋಡಿಕೊಂಡರೆ ದಾರಿಯನ್ನು ನೋಡುವವರು ಯಾರು?

ನೀರಿನ ವಿಷಯದಲ್ಲಿ ಇದರ ಫಲ ಸ್ಪಷ್ಟವಾಗಿ ಕಾಣುತ್ತದೆ. ಊರಿನ ಪೂರ್ವಕ್ಕೆ ಅರಾವಳಿ ಬೆಟ್ಟಗಳಿವೆ. ಅಲ್ಲಿ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ವಾಯವ್ಯದ ನಜಫ್‌ಗಢ ತಗ್ಗಿನ ಕಡೆಗೆ ಹೋಗಬೇಕು. ಹಿಂದಿನವರು ಈ ದಾರಿಯಲ್ಲಿ ಒಡ್ಡುಗಳನ್ನೂ ಜೋಹಡ್ ಎಂಬ ಕೆರೆಗಳನ್ನೂ ಕಟ್ಟಿಕೊಂಡಿದ್ದರು. ಅವುಗಳಲ್ಲಿ ಅನೇಕವು ಬಡಾವಣೆಗಳ ಕೆಳಗೆ ಅಡಗಿಹೋದವು. ಮಳೆಯ ನೀರಿಗೆ ಹಳೆಯ ದಾರಿಯ ನೆನಪು ಮಾತ್ರ ಹೋಗಲಿಲ್ಲ. 2016ರ ಜುಲೈ ಕೊನೆಯಲ್ಲಿ ಬಿದ್ದ ಒಂದು ಮಳೆಗೆ ಬಾದಶಾಹಪುರ ಕಾಲುವೆ ಉಕ್ಕಿ ಹೆದ್ದಾರಿ ಮುಳುಗಿ ಸಾವಿರಾರು ವಾಹನಗಳು ರಾತ್ರಿಯೆಲ್ಲ ನಿಂತಲ್ಲೇ ನಿಂತವು. ಒಂದೆಡೆ ರಸ್ತೆಯಲ್ಲಿ ನೀರು, ಮತ್ತೊಂದೆಡೆ ನಲ್ಲಿಯಲ್ಲಿ ನೀರಿಲ್ಲ. ಅಂತರ್ಜಲ ಆಳಕ್ಕಿಳಿದುದರಿಂದ 2012ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಕಟ್ಟಡ ಕಾಮಗಾರಿಗೆ ಅದನ್ನು ಬಳಸದಂತೆ ನಿರ್ಬಂಧಿಸಬೇಕಾಯಿತು. ಕುಡಿಯುವ ನೀರು ಕಾಲುವೆಗಳ ಮೂಲಕ ಯಮುನೆಯಿಂದ ಬರುತ್ತದೆ. ಸಾಲದಿದ್ದ ಕಡೆ ಟ್ಯಾಂಕರಿನ ಕಾಯುವಿಕೆ.

ಕರೆಂಟು ಹೋದರೆ ಜನರೇಟರು, ಕಾವಲಿಗೆ ಖಾಸಗಿ ಸಿಬ್ಬಂದಿ, ನೀರಿಗೆ ಟ್ಯಾಂಕರು, ಮಕ್ಕಳಿಗೆ ಖಾಸಗಿ ಶಾಲೆ ಎಂದು ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ತೆರಿಗೆ ಕೊಟ್ಟು ಪಡೆಯಬೇಕಾದುದನ್ನೇ ಎರಡನೆಯ ಸಲ ಹಣ ಕೊಟ್ಟು ಪಡೆಯುವ ಈ ಕ್ರಮವನ್ನು ಸಂಬಳದ ಪತ್ರದಲ್ಲಿ ಯಾರೂ ನಮೂದಿಸುವುದಿಲ್ಲ. ಕಡೆಗೆ ಒಂದು ವಸ್ತು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಅದು ಶುದ್ಧವಾದ ಗಾಳಿ. ಚಳಿಗಾಲದಲ್ಲಿ ಗಾಳಿಯ ಚಲನೆ ನಿಧಾನವಾದಾಗ ವಾಹನಗಳ ಹೊಗೆ, ಕಟ್ಟಡಗಳ ದೂಳು, ಜನರೇಟರುಗಳ ಮಸಿ, ಸುತ್ತಲಿನ ರಾಜ್ಯಗಳಲ್ಲಿ ಸುಡುವ ಬತ್ತದ ಕೂಳೆಯ ಹೊಗೆ ಎಲ್ಲವೂ ನೆಲದ ಮಟ್ಟದಲ್ಲಿ ಕೂಡಿ ನಿಲ್ಲುತ್ತವೆ. ಹವೆ ತೀರ ಕೆಟ್ಟಾಗ ಶಾಲೆ ಮುಚ್ಚುವ, ಕಾಮಗಾರಿ ನಿಲ್ಲಿಸುವ ಆಜ್ಞೆಗಳು ಹೊರಡುತ್ತವೆ. ನೂರು ಕೋಟಿಯ ಮನೆಯ ಕಿಟಕಿ ತೆರೆದರೂ ಒಳಗೆ ಬರುವುದು ಅದೇ ಗಾಳಿ.

ಒಂದು ಸಣ್ಣ ಲೆಕ್ಕ

ವಿಷಯವನ್ನು ಅಂಕಿಗಳಲ್ಲಿಟ್ಟು ನೋಡೋಣ. ಇಲ್ಲಿಯ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು.

ಒಬ್ಬ ತರುಣನಿಗೆ ತಿಂಗಳಿಗೆ 60,000 ರೂಪಾಯಿ ಕೈಗೆ ಬರುತ್ತದೆನ್ನೋಣ. ಕಚೇರಿಗೆ 20 ನಿಮಿಷದ ದೂರದಲ್ಲಿ 25,000 ರೂಪಾಯಿ ಬಾಡಿಗೆಯ ಮನೆಯಿದೆ. ಅಂಥದೇ ಮನೆ 75 ನಿಮಿಷದ ದೂರದಲ್ಲಿ 14,000 ರೂಪಾಯಿಗೆ ದೊರೆಯುತ್ತದೆ. ದೂರದ ಮನೆಯಿಂದ ಬಾಡಿಗೆಯಲ್ಲಿ 11,000 ಉಳಿತಾಯ. ಪ್ರಯಾಣಕ್ಕೆ 3,000 ಹೆಚ್ಚು ಖರ್ಚೆಂದು ಕಳೆದರೆ ನಿಜವಾದ ಉಳಿತಾಯ 8,000. ಇನ್ನು ಕಾಲದ ಲೆಕ್ಕ. ಒಂದು ಸಲಕ್ಕೆ 55 ನಿಮಿಷ ಹೆಚ್ಚು. ತಿಂಗಳಿಗೆ 22 ದಿನ, ದಿನಕ್ಕೆ ಎರಡು ಸಲದಂತೆ 44 ಪ್ರಯಾಣ. ಒಟ್ಟು 2,420 ನಿಮಿಷ, ಅಂದರೆ ಸುಮಾರು 40 ಗಂಟೆ. ಹೀಗೆ ಅವನು ತನ್ನ ಒಂದು ಗಂಟೆಯನ್ನು ಸುಮಾರು 200 ರೂಪಾಯಿಗೆ ಮಾರಿದಂತಾಯಿತು. ಅದೇ ಮನುಷ್ಯನ ಒಂದು ಗಂಟೆಗೆ ಕಚೇರಿ ಕೊಡುವುದು, ದಿನಕ್ಕೆ 8 ಗಂಟೆಯಂತೆ, ಸುಮಾರು 340 ರೂಪಾಯಿ.

ಹಾಗಾದರೆ ಹತ್ತಿರದ ಮನೆಯೇ ಲಾಭವೆಂದು ಕೂಡಲೇ ಹೇಳಬಹುದೆ? ಇಲ್ಲಿ ಎಚ್ಚರಿಕೆ ಬೇಕು. ಉಳಿದ 40 ಗಂಟೆಯನ್ನು ಕಚೇರಿ ಕೊಂಡುಕೊಳ್ಳುವುದಿಲ್ಲ. ಆ ಹೊತ್ತಿನ ಬೆಲೆ ಅವನು ಅದನ್ನು ಹೇಗೆ ಬಳಸುತ್ತಾನೆ ಎಂಬುದನ್ನವಲಂಬಿಸಿದೆ. ಪರೀಕ್ಷೆಗೆ ಓದುವವನಿಗೆ, ಚಿಕ್ಕ ಮಕ್ಕಳ ತಂದೆತಾಯಿಗಳಿಗೆ, ಮುಪ್ಪಿನ ತಾಯಿಯನ್ನು ನೋಡಿಕೊಳ್ಳಬೇಕಾದವರಿಗೆ ಸಂಜೆಯ ಒಂದು ಗಂಟೆ 200 ರೂಪಾಯಿಗಿಂತ ಎಷ್ಟೋ ಪಾಲು ಹೆಚ್ಚು. ಊರಿಗೆ ತಿಂಗಳಿಗೆ 8,000 ಕಳಿಸಿ ತಮ್ಮನ ಓದು ನಡೆಸಬೇಕಾದವನಿಗೆ ಆ ಹಣವೇ ಹೆಚ್ಚು. ಮೆಟ್ರೋದಲ್ಲಿ ಕುಳಿತು ಓದುವ ಗಂಟೆಯೂ ನಿಂತ ಕಾರಿನಲ್ಲಿ ಹಾರ್ನು ಕೇಳುವ ಗಂಟೆಯೂ ಗಡಿಯಾರದಲ್ಲಿ ಒಂದೇ ಆದರೂ ಬಾಳಿನಲ್ಲಿ ಒಂದೇ ಅಲ್ಲ.

ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರ ಒಂದು ಪ್ರಬಂಧದಲ್ಲಿ ಮನುಷ್ಯರು ದಿನಕ್ಕೆ ಸರಾಸರಿ ಸುಮಾರು ಒಂದು ಗಂಟೆಯನ್ನು ಪ್ರಯಾಣಕ್ಕೆ ಮೀಸಲಿಡುತ್ತಾರೆಂದೂ, ವಾಹನ ವೇಗವಾದಂತೆ ಈ ಕಾಲ ಕಡಿಮೆಯಾಗುವ ಬದಲು ಊರೇ ಹಿಗ್ಗುತ್ತದೆಂದೂ ಪ್ರತಿಪಾದಿಸಿದನು. ಗುರುಗ್ರಾಮದ ಹೆದ್ದಾರಿ ಇದಕ್ಕೆ ಒಳ್ಳೆಯ ನಿದರ್ಶನ. ದಾರಿ ಅಗಲವಾದಷ್ಟೂ ಜನರು ಇನ್ನೂ ದೂರದ ಸೆಕ್ಟರುಗಳಲ್ಲಿ ಮನೆ ಮಾಡಿದರು. ದಾರಿ ಮತ್ತೆ ತುಂಬಿತು. ಆದುದರಿಂದ "ಮುಂದೆ ಹೊಸ ರಸ್ತೆ ಬರುತ್ತದೆ, ಆಗ ಹತ್ತಿರವಾಗುತ್ತದೆ" ಎಂಬ ಮಾತನ್ನು ನೆಚ್ಚಿ ದೂರದಲ್ಲಿ ಮನೆ ಹಿಡಿಯುವವನು ಇಂದಿನ ಪ್ರಯಾಣದ ಹೊತ್ತನ್ನೇ ಲೆಕ್ಕಕ್ಕೆ ಹಿಡಿಯುವುದು ಲೇಸು.

ಕೊಳ್ಳುವುದೋ ಬಾಡಿಗೆಗಿರುವುದೋ

ನಮ್ಮ ಹಿರಿಯರು ಬಾಡಿಗೆಯನ್ನು ಪೋಲಾದ ಹಣವೆಂದು ಭಾವಿಸುತ್ತಾರೆ. ಇದನ್ನೂ ಲೆಕ್ಕಕ್ಕೆ ಹಚ್ಚೋಣ. ಒಂದೂವರೆ ಕೋಟಿಯ ಫ್ಲಾಟು ತಿಂಗಳಿಗೆ 40,000 ರೂಪಾಯಿಗೆ ಬಾಡಿಗೆಗೆ ಸಿಗುತ್ತದೆನ್ನೋಣ. ವರ್ಷಕ್ಕೆ 4.8 ಲಕ್ಷವಾಯಿತು, ಬೆಲೆಯ ನೂರಕ್ಕೆ 3.2ರಷ್ಟು ಮಾತ್ರ. ಅಷ್ಟೇ ಹಣವನ್ನು ನೂರಕ್ಕೆ 8.5ರ ಬಡ್ಡಿಗೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 12.75 ಲಕ್ಷ. ಈ ಅಂತರವನ್ನು ತುಂಬುವುದು ಯಾವುದು? ಮುಂದೆ ಬೆಲೆ ಏರುತ್ತದೆಂಬ ನಂಬಿಕೆ ಒಂದೇ. ಏರಿದರೆ ಕೊಂಡವನು ಗೆದ್ದ. ಏರದೆ ನಿಂತರೆ ಅವನು ಬಾಡಿಗೆಯ ಎರಡೂವರೆ ಪಟ್ಟು ಕೊಟ್ಟು ಅದೇ ಗೋಡೆಗಳ ನಡುವೆ ಇದ್ದಂತಾಯಿತು. ದೆಹಲಿಯ ಸುತ್ತಿನ ಪ್ರದೇಶದಲ್ಲಿ ಹಣ ಕಟ್ಟಿಯೂ ವರ್ಷಗಟ್ಟಲೆ ಮನೆ ಕೈಗೆ ಬಾರದೆ ಬಾಡಿಗೆ ಮತ್ತು ಸಾಲದ ಕಂತು ಎರಡನ್ನೂ ಹೊತ್ತ ಕುಟುಂಬಗಳು ಅನೇಕ. ಇಂಥವರ ರಕ್ಷಣೆಗಾಗಿಯೇ 2016ರಲ್ಲಿ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ ಬಂದಿತು.

ಸ್ವಂತ ಮನೆಯಿಂದ ಮನಸ್ಸಿಗೆ ನೆಮ್ಮದಿಯಿದೆ, ಮಾಲೀಕನ ಕಿರುಕುಳವಿಲ್ಲ ಎಂಬುದು ನಿಜ. ಆದರೆ ನೆಮ್ಮದಿಗಾಗಿ ಕೊಂಡ ಮನೆಯ ಸಾಲವೇ ನಿದ್ದೆ ಕೆಡಿಸುವಂತಾದರೆ ಕೊಂಡದ್ದು ಏನನ್ನು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಳೆಯ ಮಾತು ಇಪ್ಪತ್ತೈದು ವರ್ಷದ ಸಾಲಕ್ಕೆ ಎರಡು ಪಟ್ಟು ಸಲ್ಲುತ್ತದೆ.

ತಕ್ಕಡಿಯಲ್ಲಿ ಕಾಣದ ಜನ

ಇಷ್ಟು ಹೊತ್ತು ಕಚೇರಿಯ ನೌಕರನ ದೃಷ್ಟಿಯಿಂದ ನೋಡಿದೆವು. ದುಬಾರಿ ಊರಿನಲ್ಲಿ ಅಗ್ಗದ ಕೂಲಿಗೆ ದುಡಿಯುವವರು ಎಲ್ಲಿರುತ್ತಾರೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ಬಿಡಲಾಗದು. ಗಾರೆ ಕೆಲಸದವರು, ಮನೆಗೆಲಸದ ಹೆಂಗಸರು, ಕಾವಲುಗಾರರು, ಚಾಲಕರು, ಸಾಮಾನು ತಲುಪಿಸುವ ಹುಡುಗರು ಬಹುಮಟ್ಟಿಗೆ ಬಿಹಾರ, ಉತ್ತರಪ್ರದೇಶ, ಬಂಗಾಳ ಮುಂತಾದ ಕಡೆಗಳಿಂದ ಬಂದವರು. ಚಕ್ಕರ್‌ಪುರ, ನಾಥೂಪುರ, ಸಿಕಂದರ್‌ಪುರಗಳಂಥ ಹಳೆಯ ಹಳ್ಳಿಗಳು ಇಂದು ಗೋಪುರಗಳ ನಡುವೆ ದ್ವೀಪಗಳಂತೆ ಉಳಿದಿವೆ. ಹಳ್ಳಿಯ ವಾಸದ ಎಲ್ಲೆಗೆ ಅಲ್ಲಿ ಲಾಲ್ ಡೋರಾ, ಅಂದರೆ ಕೆಂಪು ದಾರ, ಎಂಬ ಹೆಸರು. ಆ ಎಲ್ಲೆಯೊಳಗೆ ಕಟ್ಟಡದ ನಿಯಮಗಳು ಸಡಿಲ. ಹೊಲ ಮಾರಿದ ಹಳ್ಳಿಗರು ಅಲ್ಲಿ ಕೋಣೆಯ ಮೇಲೆ ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರು. ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು, ಸಾಲು ಕೋಣೆಗಳಿಗೆಲ್ಲ ಒಂದೇ ನೀರಿನ ಮನೆ.

ನಗರದ ಯೋಜನೆಯಲ್ಲಿ ಇವರಿಗೆ ತಕ್ಕಷ್ಟು ಮನೆಗಳನ್ನು ತೋರಿಸಲಿಲ್ಲ. ನಗರದ ದಿನಚರಿ ಮಾತ್ರ ಇವರಿಲ್ಲದೆ ಒಂದು ಬೆಳಿಗ್ಗೆಯೂ ನಡೆಯದು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ಎಲ್ಲವೂ ನಿಂತಾಗ ದೆಹಲಿ ಮತ್ತು ಅದರ ಸುತ್ತಲ ಊರುಗಳಿಂದ ಲಕ್ಷಾಂತರ ಮಂದಿ ಗಂಟು ಹೊತ್ತು ಕಾಲ್ನಡಿಗೆಯಲ್ಲಿ ಊರ ದಾರಿ ಹಿಡಿದುದನ್ನು ಇಡೀ ದೇಶ ಕಂಡಿತು. ಕೆಲಸ ನಿಂತ ವಾರದಲ್ಲೇ ಬಾಡಿಗೆ ಕಟ್ಟಲಾಗದ ಸ್ಥಿತಿ ಅವರದಾಗಿತ್ತು. ದುಬಾರಿ ಊರಿನ ವೆಚ್ಚದಲ್ಲಿ ಅತಿ ಭಾರವಾದ ಪಾಲನ್ನು ಹೊರುವವರು ಬಹುಶಃ ಇವರೇ ಆಗಿರುತ್ತಾರೆ. ಅದೇ ಸಾಂಕ್ರಾಮಿಕದ ಕಾಲದಲ್ಲಿ ಕಚೇರಿಯ ನೌಕರರಿಗೆ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂತು. ಕಸಬರಿಕೆ ಹಿಡಿಯುವವನಿಗೂ ಕಾರು ಓಡಿಸುವವನಿಗೂ ಅಂಥ ಆಯ್ಕೆ ಬರಲಿಲ್ಲ.

ನಮಗೆ ಇದರಿಂದ ಪಾಠವೇನು?

ದೆಹಲಿಯ ಮಗ್ಗುಲಿನ ಊರಿನ ವಿಚಾರ ನಮಗೇಕೆ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ಉತ್ತರಕ್ಕೆ 2008ರಲ್ಲಿ ವಿಮಾನ ನಿಲ್ದಾಣ ಬಂದ ದೇವನಹಳ್ಳಿಯ ಕಡೆಯ ಬಡಾವಣೆಗಳನ್ನು ನೋಡಿದವರು ಹೀಗೆ ಕೇಳಲಾರರು. ಕೆರೆಯ ಅಂಗಳದಲ್ಲಿ ಬಡಾವಣೆ, ಟ್ಯಾಂಕರಿನ ನೀರು, ಮನೆ ಮೊದಲು ರಸ್ತೆ ಆಮೇಲೆ ಎಂಬ ಕ್ರಮ ಇವು ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ.

ಅಲ್ಲಿಂದಲೇ ಒಂದು ಒಳ್ಳೆಯ ಪಾಠವನ್ನೂ ಹೇಳಬೇಕು. ಗಣಿಗಾರಿಕೆಯಿಂದ ಹಾಳಾಗಿದ್ದ ಅರಾವಳಿಯ ಅಂಚಿನ ನೆಲವನ್ನು ಗುರುಗ್ರಾಮದ ನಾಗರಿಕರು ಕೈಗೂಡಿಸಿ, ಆ ನೆಲಕ್ಕೇ ಸಹಜವಾದ ಗಿಡಮರಗಳನ್ನು ನೆಟ್ಟು ಜೀವವೈವಿಧ್ಯ ಉದ್ಯಾನವನ್ನಾಗಿ ಮಾಡಿದ್ದಾರೆ. ಈ ಕೆಲಸ 2010ರಿಂದ ನಡೆದು ಬಂದಿದೆ. ಬೇಲಿಯೊಳಗಿನ ಬಾಳಿಗೆ ಒಗ್ಗಿದವರೂ ಬೇಲಿಯ ಹೊರಗಿನ ನೆಲವನ್ನು ತಮ್ಮದೆಂದು ಭಾವಿಸಿದಾಗ ಊರು ಊರಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಉಪಸಂಹಾರ

ಎರಡು ತಟ್ಟೆಗಳನ್ನೂ ನೋಡಿದ ಮೇಲೆ ತೀರ್ಪು ಹೇಳಬೇಕಾದುದು ಕ್ರಮ. ಕಲಿಯುವ ವಯಸ್ಸಿನಲ್ಲಿ, ಹೊಣೆ ಹಗುರವಾಗಿರುವ ಕಾಲದಲ್ಲಿ, ಕೆಲವು ವರ್ಷಗಳ ಮಟ್ಟಿಗೆ ಇಂಥ ಊರಿಗೆ ಹೋಗುವುದು ಲಾಭಕರವೆಂದೇ ಈ ಲೇಖಕನ ಅಭಿಪ್ರಾಯ. ಆ ವಯಸ್ಸಿನಲ್ಲಿ ಅಲ್ಲಿಯ ಅವಕಾಶದ ತೂಕ ಹೆಚ್ಚು, ಅಲ್ಲಿಯ ಕೊರತೆಗಳ ತೂಕ ಕಡಿಮೆ. ನೆಲೆಯೂರುವ ಪ್ರಶ್ನೆ ಬಂದಾಗ ಮಾತ್ರ ತಕ್ಕಡಿ ಬೇರೆ ಕಡೆಗೆ ವಾಲಬಹುದು. ಆಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಾಡಿಗೆ ಮತ್ತು ಪ್ರಯಾಣ ಎರಡನ್ನೂ ಕೂಡಿಸಿ ಕಳೆದ ಮೇಲೆ ಸಂಬಳದಲ್ಲಿ ಉಳಿಯುವುದೆಷ್ಟು? ದಿನದ ಎಷ್ಟು ಗಂಟೆ ನನ್ನವು? ನೀರು, ಗಾಳಿ, ಶಾಲೆ, ಆಸ್ಪತ್ರೆಗಳಲ್ಲಿ ಯಾವುದನ್ನು ಊರು ಕೊಡುತ್ತದೆ, ಯಾವುದನ್ನು ನಾನೇ ಕೊಳ್ಳಬೇಕು? ಕೆಲಸ ಆರು ತಿಂಗಳು ಇಲ್ಲದಿದ್ದರೆ ನಾನು ಅಲ್ಲಿ ಬಾಳಬಲ್ಲೆನೆ?

ಈ ಪ್ರಶ್ನೆಗಳಿಗೆ ಒಬ್ಬೊಬ್ಬರ ಉತ್ತರ ಒಂದೊಂದು ಬಗೆಯಾಗಿರುವುದು ಸಹಜ. ಉತ್ತರ ಹುಡುಕದೆ ಸಂಬಳದ ಅಂಕಿಯೊಂದನ್ನೇ ನೋಡಿ ಗಾಡಿ ಹತ್ತುವುದು ಮಾತ್ರ ಓದಿದವರಿಗೆ ಒಪ್ಪದು. ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಹೊರಡುವ ಸ್ನೇಹಿತರು ದೂರದ ಬೆಟ್ಟವನ್ನು ಏರಲಿ. ಏರುವ ಮುನ್ನ ಅದರ ಕಲ್ಲು ಮುಳ್ಳುಗಳನ್ನೂ ತಿಳಿದಿರಲಿ ಎಂಬುದೇ ಈ ಬರಹದ ಆಶಯ.